ಮೂರು ಗಂಟೆ ಗ್ಯಾಪ್ ಸಾಕಾ ಮಾಮ?

ಮುಂಬೈ ವಿಮಾನ ನಿಲ್ದಾಣದ ಟರ್ಮಿನಲ್ 2 ಶುರುವಾದದ್ದು 2014ರಲ್ಲಿ. ಅದರೊಳಗೆ ಸುಮಾರು ಮೂರು ಕಿಲೋಮೀಟರ್ ಉದ್ದದ ಕಲಾಕೃತಿಗಳ ಗೋಡೆ ಇದೆ. ‘ಜಯ ಹೇ’ ಅಂತ ಅದರ ಹೆಸರು. ದೇಶದ ಮೂಲೆಮೂಲೆಯಿಂದ ತಂದ ಸಾವಿರಾರು ವಸ್ತುಗಳು ಅಲ್ಲಿವೆ. ನಿಜಕ್ಕೂ ಚೆನ್ನಾಗಿದೆ, ಅದರಲ್ಲಿ ತಮಾಷೆ ಇಲ್ಲ. ಆದರೆ ಅದನ್ನು ಪೂರ್ತಿ ನೋಡುವ ಭಾಗ್ಯ ಇರುವುದು ಒಂದೇ ಜಾತಿಯ ಪ್ರಯಾಣಿಕರಿಗೆ. ಒಂದು ವಿಮಾನ ಇಳಿದು ಇನ್ನೊಂದನ್ನು ಹಿಡಿಯಬೇಕಾದವರಿಗೆ. ಅವರು ಓಡುತ್ತಾ ನೋಡುತ್ತಾರೆ.

ಮುಂಬೈ ಕನ್ನಡಿಗರಿಗೆ ಈಗ ಹೊಸ ಸಮಾಜಸೇವೆಯೊಂದು ಅಂಟಿಕೊಂಡಿದೆ. ನಮ್ಮ ಅಪ್ಪಂದಿರ ಕಾಲದಲ್ಲಿ ಊರಿನಿಂದ ಬಂದವರಿಗೆ ಹೋಟೆಲಲ್ಲಿ ಕೆಲಸ ಕೊಡಿಸಬೇಕಿತ್ತು, ರಾತ್ರಿ ಚಾಪೆ ಹಾಸಿ ಕೊಡಬೇಕಿತ್ತು. ಈಗ ಲೇಓವರ್, ಅಂದರೆ ಎರಡು ವಿಮಾನಗಳ ನಡುವೆ ಕಾಯುವ ಹೊತ್ತಿನ ಲೆಕ್ಕ ಹಾಕಿ ಕೊಡಬೇಕು. ಉಡುಪಿಯಲ್ಲಿ ಯಾರೋ ಟಿಕೆಟ್ ಬುಕ್ ಮಾಡಿದರೆ ಅಂಧೇರಿಯಲ್ಲಿ ನನ್ನ ಫೋನ್ ಹೊಡೆದುಕೊಳ್ಳುತ್ತದೆ.

ಈ ಸಲ ತಂಗಿಯ ಮಗ. ಜರ್ಮನಿಗೆ ಓದಲು ಹೊರಟಿದ್ದಾನೆ.

“ಮಾಮ, ಮುಂಬೈಯಲ್ಲಿ ಮೂರು ಗಂಟೆ ಗ್ಯಾಪ್ ಉಂಟು. ಸಾಕಾ?”

“ಯಾವ ಟರ್ಮಿನಲ್?”

“ಮುಂಬೈಯೇ ಮಾಮ.”

ತಪ್ಪು ಅವನದಲ್ಲ. ಎರಡು ಟರ್ಮಿನಲ್ ಅಂದರೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಕಾರ್ಕಳದ ಬಸ್ಸು ಇಲ್ಲಿ, ಉಡುಪಿಯ ಬಸ್ಸು ಅಲ್ಲಿ ನಿಂತ ಹಾಗೆ ಅಂತ ಯಾರಾದರೂ ಅಂದುಕೊಳ್ಳುವುದೇ. ಮುಂಬೈಯಲ್ಲಿ ಹಾಗಲ್ಲ. ಟರ್ಮಿನಲ್ 1ಕ್ಕೆ ಜನ ಈಗಲೂ ಸಾಂತಾಕ್ರೂಜ್ ಅನ್ನುತ್ತಾರೆ, ಟರ್ಮಿನಲ್ 2ಕ್ಕೆ ಸಹಾರ್. ನಡುವೆ ರನ್‌ವೇ. ಹಾಗಾಗಿ ರಸ್ತೆಯಲ್ಲಿ ಸುತ್ತಿಕೊಂಡು ನಾಲ್ಕೈದು ಕಿಲೋಮೀಟರ್ ಹೋಗಬೇಕು. ಒಂದೇ ಕಂಪನಿಯ ವಿಮಾನಗಳು ಎರಡೂ ಕಡೆಯಿಂದ ಹಾರುತ್ತವೆ. ಇವನು ಮಂಗಳೂರಿನಿಂದ ಬಂದು ಇಳಿಯುವುದು 1ರಲ್ಲಿ. ಫ್ರಾಂಕ್‌ಫರ್ಟ್‌ಗೆ ಹತ್ತುವುದು 2ರಲ್ಲಿ.

ಲೆಕ್ಕಕ್ಕೆ ಕೂತೆವು. ವಿದೇಶಕ್ಕೆ ಹೋಗುವವರು ಮೂರು ಗಂಟೆ ಮೊದಲೇ ಬನ್ನಿ ಅಂತ ವಿಮಾನದವರೇ ಬರೆದಿದ್ದಾರೆ. ಇವನಿಗಿರುವುದು ಮೂರೇ ಗಂಟೆ. ಅಂದರೆ ಸಾಂತಾಕ್ರೂಜ್‌ನಲ್ಲಿ ವಿಮಾನದ ಚಕ್ರ ನೆಲಕ್ಕೆ ತಾಗುವ ಹೊತ್ತಿಗೆ ಹುಡುಗ ಸಹಾರ್‌ನ ಗೇಟಿನಲ್ಲಿ ಪಾಸ್‌ಪೋರ್ಟ್ ಹಿಡಿದು ನಿಂತಿರಬೇಕು. ಇದು ಯೋಗಿಗಳಿಗೆ ಆಗಬಹುದು. ಎಂಜಿನಿಯರಿಂಗ್ ಓದಿದವರಿಗೆ ಕಷ್ಟ.

ಅದೂ ವಿಮಾನ ಸರಿಯಾದ ಹೊತ್ತಿಗೆ ಇಳಿದರೆ. ಮುಂಬೈಗೆ ಎರಡು ರನ್‌ವೇಗಳಿವೆ. ಕೇಳಲು ಚೆಂದ. ಆದರೆ ಅವು ಒಂದನ್ನೊಂದು ಅಡ್ಡ ಹಾಯುತ್ತವೆ. ಹಾಗಾಗಿ ಒಂದು ಹೊತ್ತಿಗೆ ಒಂದೇ ಬಳಕೆ. ದಿನಕ್ಕೆ ಒಂಬೈನೂರಕ್ಕೂ ಹೆಚ್ಚು ವಿಮಾನಗಳು ಆ ಒಂದನ್ನೇ ನಂಬಿಕೊಂಡು ಏರಿ ಇಳಿಯುತ್ತವೆ. ಇದಕ್ಕೆ ಅಲ್ಲಿನ ಸಿಬ್ಬಂದಿಗೆ ಕೈ ಮುಗಿಯಬೇಕು. ಪ್ರಯಾಣಿಕ ಮಾತ್ರ ಮೇಲೆ ಸುತ್ತು ಹೊಡೆಯುತ್ತಾ ತನ್ನ ಕಟ್ಟಡವನ್ನೇ ಕಿಟಕಿಯಿಂದ ನೋಡುತ್ತಾನೆ. ಪೈಲಟ್ “ಸ್ವಲ್ಪ ದಟ್ಟಣೆ ಇದೆ” ಅನ್ನುತ್ತಾರೆ. ಗ್ಯಾಪ್ ಕರಗಲು ಶುರುವಾಗುವುದು ಆಗಲೇ.

“ಇಳಿದ ಮೇಲೆ ಹೇಗೆ ಹೋಗುವುದು ಮಾಮ?”

ಅನುಕೂಲಕ್ಕೇನೂ ಕಮ್ಮಿ ಇಲ್ಲ. ರಿಕ್ಷಾ ಇದೆ. ಆದರೆ ರಿಕ್ಷಾದವನು ಬೊರಿವಲಿಯದ್ದೋ ಮೀರಾ ರೋಡಿನದ್ದೋ ದೂರದ ಗಿರಾಕಿ ಸಿಗಲಿ ಅಂತ ಅಷ್ಟು ಹೊತ್ತಿನಿಂದ ಕ್ಯೂನಲ್ಲಿ ಕಾದಿದ್ದಾನೆ. ನೀನು ಹೋಗಿ “ಪಕ್ಕದ ಟರ್ಮಿನಲ್” ಅಂದರೆ ಅವನ ಮುಖ ನೋಡಬೇಕು. ಈಗ ಮೆಟ್ರೋ 3 ಕೂಡ ಇದೆ. 2024ರ ಅಕ್ಟೋಬರ್‌ನಲ್ಲಿ ಅದರ ಮೊದಲ ಭಾಗ ಶುರುವಾದಾಗ ನಾನೂ ಖುಷಿಪಟ್ಟವನೇ. ಟರ್ಮಿನಲ್ 1 ಒಂದು ಸ್ಟೇಷನ್, ಆಮೇಲೆ ಸಹಾರ್ ರೋಡ್, ಆಮೇಲೆ ಟರ್ಮಿನಲ್ 2. ಆಕಾಶದಿಂದ ಇಳಿದವನು ಸೂಟ್‌ಕೇಸ್ ಎಳೆದುಕೊಂಡು ಪಾತಾಳಕ್ಕೆ ಇಳಿದು, ಮತ್ತೆ ಭೂಮಿಗೆ ಬಂದು, ಮತ್ತೆ ಆಕಾಶಕ್ಕೆ ಏರಬೇಕು. ಒಂದೇ ಟಿಕೆಟ್‌ನಲ್ಲಿ ಮೂರು ಲೋಕ. ತಪ್ಪಿದೆ, ಮೆಟ್ರೋಗೆ ಬೇರೆ ಟಿಕೆಟ್.

ಸಹಾರ್‌ಗೆ ಬಂದ ಮೇಲೆ ಎಲ್ಲ ಮೊದಲಿನಿಂದ. ಬಾಗಿಲಲ್ಲಿ ಟಿಕೆಟ್ ತೋರಿಸು, ಗುರುತಿನ ಚೀಟಿ ತೋರಿಸು. ಚೆಕ್-ಇನ್, ಇಮಿಗ್ರೇಷನ್. ಬೆಲ್ಟ್ ಬಿಚ್ಚು, ಲ್ಯಾಪ್‌ಟಾಪ್ ಹೊರಗೆ ಇಡು. ಬೆಳಿಗ್ಗೆ ಮಂಗಳೂರಿನಲ್ಲಿ ಇದನ್ನೆಲ್ಲ ಮಾಡಿದ್ದೇನೆ ಅಂತ ಹೇಳಿ ಪ್ರಯೋಜನವಿಲ್ಲ. ನಡುವೆ ನೀನು ವಿಲೇಪಾರ್ಲೆಯ ಗಾಳಿ ಕುಡಿದಿದ್ದೀಯಲ್ಲ.

ಲಗೇಜಿನ ಕತೆ ಇದಕ್ಕಿಂತ ಸೊಗಸು. ಇವನು ಎರಡು ಬೇರೆ ಪಿಎನ್‌ಆರ್ ಮಾಡಿಸಿದ್ದಾನೆ, ಅಂದರೆ ಎರಡು ಬೇರೆ ಬುಕಿಂಗ್, ಸ್ವಲ್ಪ ದುಡ್ಡು ಉಳಿಯಿತು ಅಂತ. ಮುಂಬೈಯಿಂದ ಫ್ರಾಂಕ್‌ಫರ್ಟ್‌ಗೆ 23 ಕಿಲೋ ಒಯ್ಯಬಹುದು. ಮಂಗಳೂರಿನಿಂದ ಮುಂಬೈಗೆ 15 ಕಿಲೋ. ಏಳು ಸಮುದ್ರ ದಾಟಲು ತೂಕ ತೊಂದರೆ ಇಲ್ಲ, ರತ್ನಗಿರಿ ದಾಟಲು ತೊಂದರೆ. ಉಳಿದ 8 ಕಿಲೋ ಮುಂಬೈವರೆಗೆ ಬರುವುದು ಹೇಗೆ? ತಂಗಿ ಫೋನಿನಲ್ಲಿ ಹಿಂದಿನಿಂದ ಕೂಗಿದಳು: “ಹಲಸಿನ ಹಪ್ಪಳ ತೆಗೆಯಲಿಕ್ಕೆ ಹೇಳಬೇಡ ಅಣ್ಣ!” ಜಾಸ್ತಿ ಕಿಲೋಗೆ ಕೌಂಟರಿನಲ್ಲಿ ಕಟ್ಟುವ ದುಡ್ಡಿನಲ್ಲಿ ಜರ್ಮನಿಯಲ್ಲೇ ಹಪ್ಪಳ ಸಿಗುತ್ತದೆ ಅಂತ ಹೇಳುವ ಧೈರ್ಯ ನನಗೆ ಬರಲಿಲ್ಲ.

ಬೇರೆ ಬೇರೆ ಪಿಎನ್‌ಆರ್ ಅಂದರೆ ಇನ್ನೂ ಒಂದು ವಿಷಯ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯವರಿಗೆ ನೀನು ಬರೀ ಬಾರದೇ ಇದ್ದ ಗಿರಾಕಿ. ಮೊದಲನೆಯವರು “ನಿಮ್ಮನ್ನು ಮುಂಬೈಗೆ ತಂದು ಬಿಟ್ಟಿದ್ದೇವಲ್ಲ” ಅನ್ನುತ್ತಾರೆ. ಇಬ್ಬರ ಮಾತೂ ಸರಿ. ನಡುವಿನ ಮೂರು ಗಂಟೆ ಯಾರದೂ ಅಲ್ಲ. ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಿದರೆ ಮುಂದಿನ ವಿಮಾನಕ್ಕೆ ದಾರಿ ತೋರಿಸುವುದು ಅವರ ತಲೆನೋವು, ಪೆಟ್ಟಿಗೆಯೂ ಸಾಮಾನ್ಯವಾಗಿ ನೇರ ಫ್ರಾಂಕ್‌ಫರ್ಟ್‌ಗೆ ಹೋಗುತ್ತದೆ. ಹೋಗುವಾಗ ಮಾತ್ರ. ವಾಪಸ್ ಬರುವಾಗ ಅದೇ ಪೆಟ್ಟಿಗೆಯನ್ನು ಮುಂಬೈಯಲ್ಲಿ ಬೆಲ್ಟಿನಿಂದ ಎತ್ತಿಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ಮಂಗಳೂರಿಗೆ ಕೊಡಬೇಕಾಗುತ್ತದೆ. ದೇಶದೊಳಗೆ ಕಾಲಿಟ್ಟ ಮೊದಲ ಊರಿನಲ್ಲೇ ಪೆಟ್ಟಿಗೆ ಮುಖ ತೋರಿಸಬೇಕು ಅಂತ ರೂಢಿ. ಹದಿನೈದು ನಿಮಿಷ ಬೆಲ್ಟಿನ ಮುಂದೆ ನಿಂತರೆ ಗೊತ್ತಾಗುತ್ತದೆ, ದೇಶದ ಅರ್ಧ ಪೆಟ್ಟಿಗೆಗಳು ಕಪ್ಪು ಬಣ್ಣದವು.

ಒಳಗೆ ಹೋದ ಮೇಲೆ ಶಾಂತಿ. ಇದು ‘ಮೌನ’ ವಿಮಾನ ನಿಲ್ದಾಣ. ಬೋರ್ಡಿಂಗ್ ಶುರುವಾಯಿತು ಅಂತ ಮೈಕಿನಲ್ಲಿ ಕೂಗುವುದಿಲ್ಲ. ಪರದೆ ನೋಡಿಕೊಂಡಿರಬೇಕು. ಗೇಟ್ ಬದಲಾದರೂ ಪರದೆಯೇ ಗತಿ. ಪಕ್ಕದವನು ಸ್ಪೀಕರ್ ಹಾಕಿಕೊಂಡು ರೀಲ್ಸ್ ನೋಡುವುದಕ್ಕೆ ಈ ಮೌನ ಅನ್ವಯಿಸುವುದಿಲ್ಲ. ಒಟ್ಟಿನಲ್ಲಿ ನಿನ್ನ ವಿಮಾನದ ಸುದ್ದಿ ಒಂದನ್ನು ಬಿಟ್ಟು ಎಲ್ಲವೂ ಕಿವಿಗೆ ಬೀಳುತ್ತದೆ.

ಹೊಟ್ಟೆಯ ವಿಷಯ. ಇಡ್ಲಿ ಸಿಗುತ್ತದೆ. ಮಾಟುಂಗಾದಲ್ಲಿ ಬಾಳೆಲೆಯ ಊಟ ಮಾಡಿ ಬೆಳೆದವರು ಇಲ್ಲಿ ಮೆನುವಿನ ಬಲಗಡೆ ನೋಡಬಾರದು. ಈ ಊರಿಗೆ ಇಡ್ಲಿ ತಿನ್ನಲು ಕಲಿಸಿದವರೇ ನಮ್ಮವರು. ಅವರ ಮೊಮ್ಮಕ್ಕಳು ಇಲ್ಲಿ ಎರಡು ಇಡ್ಲಿ ಮುಂದೆ ಇಟ್ಟುಕೊಂಡು ಬಿಲ್ಲನ್ನು ಎರಡೆರಡು ಸಲ ಓದುತ್ತಾರೆ. ವಿಮಾನ ನಿಲ್ದಾಣದ ಚಹಾ ದುಬಾರಿ ಅನ್ನುವ ಮಾತು ಸಂಸತ್ತಿನವರೆಗೂ ಹೋಯಿತು. ಕೊನೆಗೆ 2024ರ ಡಿಸೆಂಬರ್‌ನಲ್ಲಿ ಕೋಲ್ಕತ್ತಾ ನಿಲ್ದಾಣದಲ್ಲಿ ‘ಉಡಾನ್ ಯಾತ್ರಿ ಕೆಫೆ’ ತೆರೆದರು. 10 ರೂಪಾಯಿಗೆ ಚಹಾ. ಹತ್ತು ರೂಪಾಯಿಯ ಚಹಾ ಕೊಡಲು ನಮ್ಮ ದೇಶದಲ್ಲಿ ಸಂಸದರು, ಸಚಿವಾಲಯ, ಉದ್ಘಾಟನೆ, ರಿಬ್ಬನ್ ಎಲ್ಲ ಬೇಕಾಯಿತು. ಹೊರಗೆ ಅಂಧೇರಿ ಸ್ಟೇಷನ್ ಪಕ್ಕದಲ್ಲಿ ಒಬ್ಬ ಮನುಷ್ಯ ಒಂದು ಸ್ಟವ್ ಇಟ್ಟುಕೊಂಡು ಯಾರ ಸಹಿಯೂ ಇಲ್ಲದೆ ಅದನ್ನೇ ಮಾಡುತ್ತಿದ್ದಾನೆ.

ಈ ಎರಡು ಟರ್ಮಿನಲ್‌ಗಳಿಗೆ ಮುಗಿಯಿತು ಅಂದುಕೊಂಡರೆ ಈಗ ಇನ್ನೊಂದು ನಿಲ್ದಾಣವೇ ಬಂದಿದೆ. ನವಿ ಮುಂಬೈ ವಿಮಾನ ನಿಲ್ದಾಣ. 2025ರ ಅಕ್ಟೋಬರ್ 8ರಂದು ಉದ್ಘಾಟನೆ, ಡಿಸೆಂಬರ್ 25ರಿಂದ ವಿಮಾನ. ಬೇಕಾಗಿತ್ತು, ಖಂಡಿತ ಬೇಕಾಗಿತ್ತು. ಒಂದು ರನ್‌ವೇಯ ಮೇಲೆ ಎಷ್ಟು ಭಾರ ಹಾಕುವುದು? ತಮಾಷೆ ಇರುವುದು ಟಿಕೆಟ್ ಹುಡುಕುವ ಪರದೆಯಲ್ಲಿ. ‘ಮುಂಬೈ’ ಅಂತ ಹೊಡೆದರೆ ಎರಡೂ ನಿಲ್ದಾಣಗಳನ್ನು ಕಲಸಿ ಬಡಿಸುವ ಆ್ಯಪ್‌ಗಳಿವೆ. ಅಗ್ಗದ್ದು ಮೇಲೆ ಬರುತ್ತದೆ. ಯಾವ ನಿಲ್ದಾಣ ಅಂತ ಹೇಳುವ ಮೂರಕ್ಷರದ ಸಂಕೇತವನ್ನು ಚಿಕ್ಕದಾಗಿ ಬರೆದಿರುತ್ತಾರೆ. ಮಂಗಳೂರಿನಿಂದ ನವಿ ಮುಂಬೈಗೆ ಬಂದು, ಸಹಾರ್‌ನಿಂದ ಮುಂದೆ ಹೊರಡುವ ಟಿಕೆಟ್ ಮಾಡಿದರೆ? ಮಂಗಳೂರಿನಿಂದ ಹಾರಿ ಬರಲು ಒಂದೂವರೆ ಗಂಟೆ. ಪನ್ವೇಲ್ ಹೆದ್ದಾರಿ, ವಾಶಿ ಸೇತುವೆ, ಚೆಂಬೂರು ದಾಟಿ ಅಂಧೇರಿ ಸೇರಲು ಸಂಜೆ ಹೊತ್ತಿನಲ್ಲಿ ಅದಕ್ಕಿಂತ ಜಾಸ್ತಿ ಹಿಡಿದರೂ ಆಶ್ಚರ್ಯವಿಲ್ಲ. ಎರಡೂ ನಿಲ್ದಾಣಗಳನ್ನು ಜೋಡಿಸಲು ಮೆಟ್ರೋ 8 ಯೋಜನೆ ಇದೆ. ಹಳಿ ಇನ್ನೂ ಹಾಕಬೇಕು. ಬಣ್ಣ ಮಾತ್ರ ನಿಶ್ಚಯವಾಗಿದೆ, ಚಿನ್ನದ ಬಣ್ಣ.

(ಗೋವಾದ ನೆಂಟರು ಇದನ್ನು ಕೇಳಿ ನಕ್ಕರು. ಅಷ್ಟು ಸಣ್ಣ ರಾಜ್ಯಕ್ಕೆ ಎರಡು ವಿಮಾನ ನಿಲ್ದಾಣ: ದಾಬೋಲಿಂ ವಾಸ್ಕೋದ ಪಕ್ಕದಲ್ಲಿ, 2023ರಿಂದ ಮೋಪಾ ಉತ್ತರದ ತುದಿಯಲ್ಲಿ. ವಾಸ್ಕೋದಲ್ಲಿ ಮನೆ ಇರುವವರು ಮೋಪಾದಲ್ಲಿ ಇಳಿದರೆ ಅರ್ಧ ಗೋವಾ ದರ್ಶನ ಮಾಡಿಕೊಂಡೇ ಮನೆಗೆ ಹೋಗುತ್ತಾರೆ.)

ಹುಡುಗನಿಗೆ ಎಲ್ಲ ಹೇಳಿದೆ. ಒಂದೇ ಪಿಎನ್‌ಆರ್ ಮಾಡಿಸು. ಎರಡೂ ವಿಮಾನ ಟರ್ಮಿನಲ್ 2ರದ್ದೇ ಅಂತ ನೋಡು, ಹೊರಡುವ ಹಿಂದಿನ ದಿನ ಮತ್ತೊಮ್ಮೆ ನೋಡು. ಬೇರೆ ಬೇರೆ ಟಿಕೆಟ್ಟೇ ಬೇಕು ಅಂದರೆ ಗ್ಯಾಪ್ ಆರು ಗಂಟೆಗೆ ಕಮ್ಮಿ ಬೇಡ. ಮಳೆಗಾಲವಾದರೆ ಹಿಂದಿನ ದಿನವೇ ಬಂದು ನಮ್ಮಲ್ಲಿ ಮಲಗು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಏನೋ ಲೆಕ್ಕ ಹಾಕುತ್ತಿದ್ದ.

“ಮಾಮ, ಹಾಗಾದರೆ ಮತ್ಸ್ಯಗಂಧ ರೈಲಿನಲ್ಲೇ ಬರುತ್ತೇನೆ. ಹಪ್ಪಳಕ್ಕೂ ತೊಂದರೆ ಇಲ್ಲ. ಪನ್ವೇಲ್‌ನಲ್ಲಿ ಇಳಿದುಬಿಟ್ಟರೆ ಏರ್‌ಪೋರ್ಟ್ ಹತ್ತಿರವೇ ಅಲ್ವಾ?”

“ಹತ್ತಿರವೇ ಮಾರಾಯ. ನಿನ್ನ ವಿಮಾನ ಅಲ್ಲಿಂದ ಇಲ್ಲ, ಅಷ್ಟೇ.”