ಪ್ರಕಾಶ್ ಸರ್ ಗದರಿದ್ದು ಸರಿಯಾಗಿಯೇ ಇತ್ತು

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಬ್ಯಾಡ್ಮಿಂಟನ್ ಆಟಗಾರ ಲಕ್ಷ್ಯ ಸೇನ್ ಕಂಚಿನ ಪದಕದ ಪಂದ್ಯ ಸೋತ ದಿನ ನನಗೂ ತುಂಬಾ ಸಂಕಟ ಆಗಿತ್ತು. ಮೊದಲ ಗೇಮ್ 21-13ರಲ್ಲಿ ಗೆದ್ದಿದ್ದ, ಎರಡನೆಯದರಲ್ಲೂ ಮುಂದೆ ಇದ್ದ, ಆಮೇಲೆ ಪಂದ್ಯ ಕೈ ಜಾರಿಹೋಯಿತು. ಅದು ಮುಗಿದ ಮೇಲೆ ಅವನ ಗುರು, ಹಳೆಯ ಚಾಂಪಿಯನ್ ಪ್ರಕಾಶ್ ಪಡುಕೋಣೆ ನೇರವಾಗಿ ಹೇಳಿದರು: ಸರ್ಕಾರ, ಫೆಡರೇಶನ್ ತಮ್ಮ ಕೈಲಾದದ್ದು ಮಾಡಿವೆ, ಇನ್ನು ಆಟಗಾರರೂ ಜವಾಬ್ದಾರಿ ಹೊರಬೇಕು. ಅಷ್ಟಕ್ಕೇ ಎಷ್ಟು ಜನ ಮುಗಿಬಿದ್ದರು! ಸೋತ ಹುಡುಗನ ಮೇಲೆ ಕರುಣೆ ಇಲ್ಲ ಅಂದರು.

ಕರುಣೆ ಇಲ್ಲದವರು 69ನೇ ವಯಸ್ಸಿನಲ್ಲಿ ಆ ಹುಡುಗನ ಜೊತೆ ಪ್ಯಾರಿಸ್‌ವರೆಗೆ ಹೋಗಿ ಕೋರ್ಟ್ ಪಕ್ಕ ಕೋಚ್ ಕುರ್ಚಿಯಲ್ಲಿ ಕೂರುತ್ತಾರಾ? ಪಂದ್ಯಗಳು ಮುಗಿಯೋವರೆಗೂ ಫೋನ್ ಕೊಡಲ್ಲ ಅಂತ ಸರ್ ಇಸ್ಕೊಂಡುಬಿಟ್ಟಿದ್ದರು ಅಂತ ಲಕ್ಷ್ಯನೇ ಆಮೇಲೆ ಪ್ರಧಾನಿಯವರ ಮುಂದೆ ಹೇಳಿದ. ನಮ್ಮ ಮನೆ ಹಿರಿಯರು ಪರೀಕ್ಷೆ ಟೈಮಲ್ಲಿ ಮಾಡೋದೂ ಅದನ್ನೇ ಅಲ್ವಾ.

ಪ್ರಕಾಶ್ ಸರ್ ಎಲ್ಲಿ ಆಡಿ ಬೆಳೆದರು ಅನ್ನೋದು ಗೊತ್ತಿದ್ದರೆ ಆ ಮಾತು ಬೇರೆ ಥರ ಕೇಳಿಸುತ್ತೆ. ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್, ಮದುವೆ ನಡೆಯೋ ಜಾಗ. ಇವತ್ತು ಏನಾದರೂ ಫಂಕ್ಷನ್ ಇದೆಯಾ ಅಂತ ಕೇಳಿಕೊಂಡು, ಇಲ್ಲ ಅಂದರೆ ಶಾಲೆ ಬಿಟ್ಟ ತಕ್ಷಣ ಅಲ್ಲಿಗೆ ಓಡೋದು. ಇದೆ ಅಂದರೆ ಅವತ್ತು ಆಟ ಇಲ್ಲ, ಅಷ್ಟೇ. ಹೀಗೆ ಕಲಿತ ಹುಡುಗ 1971ರಿಂದ ಸತತ ಒಂಬತ್ತು ಸಲ ರಾಷ್ಟ್ರೀಯ ಚಾಂಪಿಯನ್ ಆದರು. 1980ರಲ್ಲಿ ಬ್ಯಾಡ್ಮಿಂಟನ್‌ನ ದೊಡ್ಡ ಟೂರ್ನಿ ಆಲ್ ಇಂಗ್ಲೆಂಡ್‌ನ ಫೈನಲ್‌ನಲ್ಲಿ ಎದುರಿಗಿದ್ದದ್ದು ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್, ಹಿಂದಿನ ಎರಡು ವರ್ಷದ ಚಾಂಪಿಯನ್, ಎಗರಿ ಸ್ಮ್ಯಾಶ್ ಹೊಡೆದರೆ ತಡೆಯೋರು ಇರಲಿಲ್ಲ. ಇವರು ಅವನಿಗೆ ಹೊಡೆಯೋಕೆ ಬಿಟ್ಟರೆ ತಾನೇ? ಒಂದು ಸಲ ನೆಟ್ ಹತ್ತಿರ ಮೆಲ್ಲಗೆ ಡ್ರಾಪ್, ಇನ್ನೊಂದು ಸಲ ಹಿಂದಕ್ಕೆ ಟಾಸ್, ಅವನ ವೇಗವನ್ನೆಲ್ಲ ಹಾಗೇ ಹೀರಿಬಿಟ್ಟರು. 15-3, 15-10. ನನಗೆ ಆ 15-3 ಅನ್ನೋ ಅಂಕಿ ಇವತ್ತಿಗೂ ಮೈ ಜುಮ್ಮೆನಿಸುತ್ತೆ.

ಆದರೆ ಅದಕ್ಕಿಂತ ದೊಡ್ಡ ಕೆಲಸ ಅವರು 1994ರಲ್ಲಿ ಮಾಡಿದರು ಅಂತ ನಾನು ನಂಬ್ತೀನಿ. ಮಾಜಿ ಆಟಗಾರ ವಿಮಲ್ ಕುಮಾರ್ ಮತ್ತಿತರರ ಜೊತೆ ಬೆಂಗಳೂರಿನಲ್ಲಿ ಬ್ಯಾಡ್ಮಿಂಟನ್ ಅಕಾಡೆಮಿ ಶುರು ಮಾಡಿದರು. ಅಲ್ಲಿ ಪಳಗಿದ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು, ಆಮೇಲೆ ಹೈದರಾಬಾದ್‌ನಲ್ಲಿ ತಮ್ಮದೇ ಅಕಾಡೆಮಿ ಕಟ್ಟಿ ಸೈನಾ, ಸಿಂಧು ಇಬ್ಬರನ್ನೂ ಒಲಿಂಪಿಕ್ ಪದಕದವರೆಗೆ ತಂದರು. ಲಕ್ಷ್ಯ ಕೂಡ ಉತ್ತರಾಖಂಡದ ಅಲ್ಮೋರಾದಿಂದ ಸಣ್ಣ ಹುಡುಗನಾಗಿ ಬೆಂಗಳೂರಿಗೆ ಬಂದು ಇವರ ಹತ್ತಿರವೇ ಬೆಳೆದವನು.

ಅವನು ಸೋತಾಗ ಪರವಾಗಿಲ್ಲ ಬಿಡು ಅನ್ನೋಕೆ ನಾವು ಕೋಟಿ ಜನ ಇದ್ದೆವು. ಸುಮ್ನೆ ಸಮಾಧಾನ ಹೇಳಿ ಕಳಿಸೋದು ಪ್ರಕಾಶ್ ಸರ್‌ಗೂ ಸುಲಭವೇ ಇತ್ತು. ಅವರು ಹಾಗೆ ಮಾಡಲಿಲ್ಲ ಅನ್ನೋದಕ್ಕೇ ನನಗೆ ಅವರ ಮೇಲೆ ಗೌರವ ಇನ್ನೂ ಜಾಸ್ತಿ ಆಯಿತು.