ಮುಚ್ಚಳದ ಕೆಳಗೆ ಉಳಿಯುವುದು

ಜೆರಾಕ್ಸ್ ಅಂಗಡಿಗೆ ಬರುವವರು ನಕಲನ್ನು ಮರೆಯುವುದಿಲ್ಲ. ಪ್ರತಿ ಎಣಿಸುತ್ತಾರೆ, ಚಿಲ್ಲರೆ ಎಣಿಸುತ್ತಾರೆ, ಮೂಲೆಗಿಟ್ಟ ಕೊಡೆಯನ್ನೂ ನೆನಪಿನಿಂದ ಎತ್ತಿಕೊಳ್ಳುತ್ತಾರೆ. ಒರಿಜಿನಲ್ ಮಾತ್ರ ಯಂತ್ರದ ಮುಚ್ಚಳದ ಕೆಳಗೆ, ಗಾಜಿನ ಮೇಲೆ ಬೋರಲು ಮಲಗಿರುತ್ತದೆ. ಮಲೆನಾಡಿನ ಒಂದು ತಾಲ್ಲೂಕು ಕಚೇರಿಯ ಎದುರು ಈ ಕೆಲಸಕ್ಕೆ ನಿಂತು ಆರು ವರ್ಷವಾಯಿತು. ನನ್ನ ಮೇಜಿನ ಖಾನೆಯಲ್ಲಿ ಈಗ ಮೂರು ಪಹಣಿ, ಒಂದು ವಂಶವೃಕ್ಷ, ಒಂದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇವೆ. ಪಹಣಿಯಾದರೆ ಇನ್ನೊಂದು ತೆಗೆಸಬಹುದು. ಆ ಅಂಕಪಟ್ಟಿಯ ಹುಡುಗ ಎಲ್ಲೆಲ್ಲಿ ಅಲೆಯುತ್ತಿದ್ದಾನೋ.

ಗುಂಡಿ ಒತ್ತುವುದೂ ಒಂದು ಕೆಲಸವೇ ಎಂದು ಕೇಳುವವರಿದ್ದಾರೆ. ಅವರು ಜುಲೈ ತಿಂಗಳಲ್ಲಿ ನಮ್ಮ ಊರಿಗೆ ಬರಬೇಕು. ಈ ಯಂತ್ರ ನಡೆಯುವುದು ಸ್ಥಿರವಿದ್ಯುತ್ತಿನ ಮೇಲೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಸೆಳೆಯುತ್ತದಲ್ಲ, ಅದೇ ವಿದ್ಯೆ. ಡ್ರಮ್ಮಿನ ಮೇಲೆ ಅಕ್ಷರ ಇರುವಲ್ಲಿ ಮಾತ್ರ ಟೋನರ್ ಪುಡಿ ಅಂಟಿಕೊಂಡು ಕಾಗದಕ್ಕೆ ಇಳಿಯುತ್ತದೆ, ಬಿಸಿ ರೋಲರ್ ಅದನ್ನು ಕರಗಿಸಿ ಕೂರಿಸುತ್ತದೆ. ಮಳೆಗಾಲದಲ್ಲಿ ಕಾಗದ ತೇವ ಹೀರಿ ಸುರುಳಿಯಾಗುತ್ತದೆ. ಎರಡೆರಡು ಹಾಳೆ ಅಪ್ಪಿಕೊಂಡು ಒಳಗೆ ಹೋಗಿ ಹೊರಬರಲು ಒಪ್ಪುವುದಿಲ್ಲ. ಕಾಗದದ ಬೀರುವಿನಲ್ಲಿ ಹಗಲೂ ರಾತ್ರಿ ಒಂದು ಬಲ್ಬು ಉರಿಸುತ್ತೇವೆ, ಬಾಣಂತಿಯ ಕೋಣೆಯ ಹಾಗೆ. ‘ಜೆರಾಕ್ಸ್’ ಪದದ ಮೂಲ ಗ್ರೀಕ್ ಭಾಷೆಯಲ್ಲಿದೆ, ಅರ್ಥ ‘ಒಣ’ ಎಂದು. ಹೆಸರಿಟ್ಟವರು ಆಗುಂಬೆಯ ಕಡೆ ಬಂದವರಲ್ಲ. ಅಂದ ಹಾಗೆ ನಮ್ಮ ಯಂತ್ರದ ಮೈಮೇಲೆ ಬೇರೆಯೇ ಕಂಪನಿಯ ಹೆಸರಿದೆ. ಇದುವರೆಗೆ ಯಾರೂ ಅದನ್ನು ಓದಿದಂತಿಲ್ಲ.

ಈ ವಿದ್ಯೆಯನ್ನು ಕಂಡುಹಿಡಿದವನು ಚೆಸ್ಟರ್ ಕಾರ್ಲ್‌ಸನ್, ನ್ಯೂಯಾರ್ಕಿನ ಒಂದು ಪೇಟೆಂಟ್ ವಿಭಾಗದಲ್ಲಿ ಪ್ರತಿಗಳಿಗಾಗಿ ಒದ್ದಾಡಿ ಬೇಸತ್ತವನು. 1938ರ ಅಕ್ಟೋಬರ್ 22ರಂದು ಅವನ ಸಹಾಯಕ ಆಟೊ ಕೊರ್ನೈ ಒಂದು ಗಾಜಿನ ತುಂಡಿನ ಮೇಲೆ ಆ ದಿನದ ತಾರೀಖನ್ನೂ ‘ಅಸ್ಟೋರಿಯಾ’ ಎಂಬ ತಮ್ಮ ಬಡಾವಣೆಯ ಹೆಸರನ್ನೂ ಬರೆದ. ಹಾಗೆ ಮೂಡಿದ ಮೊದಲ ಪ್ರತಿಯಲ್ಲಿ ಇದ್ದದ್ದು ಅಷ್ಟೇ: ದಿನಾಂಕ, ಸ್ಥಳ. ನಮ್ಮ ಅರ್ಜಿಗಳ ಕೊನೆಗೆ ಎಡಗಡೆ ಇರುವುದೂ ಅದೇ ಅಲ್ಲವೇ? ಬಲಗಡೆಯ ಸಹಿಯೊಂದು ಇದ್ದಿದ್ದರೆ ಎದುರಿನ ಕಚೇರಿಗೆ ಕೊಟ್ಟೇಬಿಡಬಹುದಿತ್ತು. ಬರೆದವನು ಸಹಾಯಕ ಎಂಬುದು ನನಗೆ ಒಳಗೊಳಗೇ ಖುಷಿ.

ನಮಗೂ ರಜೆಯುಂಟು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನಗಳಲ್ಲಿ ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ. ಜೆರಾಕ್ಸ್ ಅಂಗಡಿಗಳ ಬಾಗಿಲು ಹಾಕಿಸುತ್ತಾರೆ. ಸರ್ಕಾರ ನಮ್ಮನ್ನು ಇಷ್ಟು ಗಂಭೀರವಾಗಿ ನೋಡುವುದು ಆಗ ಮಾತ್ರ.

ಹೋದ ವಾರ ಒಬ್ಬ ಅಜ್ಜಿ ಆಧಾರ್ ಕಾರ್ಡ್ ತಂದಿದ್ದರು. ಪ್ರತಿ ನೋಡಿ ಮುಖ ಸಿಂಡರಿಸಿದರು. “ಇದೆಂಥದು ಅಪ್ಪಿ, ಒಲೆಯ ಮುಂದಿನ ಮಡಕೆಯ ಹಾಗೆ ಕಾಣುತ್ತೇನೆ. ಸ್ವಲ್ಪ ಬೆಳ್ಳಗೆ ಮಾಡು.”

ಕಪ್ಪು ಕಡಿಮೆ ಮಾಡಿದೆ. ಮುಖ ಬೆಳ್ಳಗಾಯಿತು, ಹೆಸರು ತೆಳ್ಳಗಾಯಿತು.

“ಅಜ್ಜಿ, ನಂಬರ್ ಕಾಣದಿದ್ದರೆ ಒಳಗೆ ತಗೊಳ್ಳುವುದಿಲ್ಲ.”

“ನಂಬರ್ ಕಪ್ಪಗಿರಲಿ. ನಾನು ಬೆಳ್ಳಗಿರಬೇಕು.”

ನಾಲ್ಕು ಹಾಳೆ ಹಾಳಾದವು. ಐದನೆಯದಕ್ಕೆ ರಾಜಿಯಾಯಿತು. ಯಾವುದಕ್ಕೂ ಇರಲಿ ಎಂದು ಇನ್ನೊಂದು ಪ್ರತಿ ತೆಗೆಸಿ, ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಳೆಗೆ ಇಳಿದರು. ಮುಂದಿನವರಿಗೆಂದು ಮುಚ್ಚಳ ಎತ್ತಿದರೆ ಗಾಜಿನ ಮೇಲೆ ಅಜ್ಜಿಯ ಕಾರ್ಡು.

ಕಚೇರಿಯ ಮೆಟ್ಟಿಲವರೆಗೆ ಓಡಿದೆ. ಅಜ್ಜಿ ಕಾರ್ಡನ್ನೂ ಪ್ರತಿಯನ್ನೂ ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕಾರ್ಡನ್ನು ನನ್ನ ಕೈಗೇ ತುರುಕಿದರು.

“ಇದರಲ್ಲಿರುವುದು ನಾನಲ್ಲ ಮಾರಾಯ, ನೀನೇ ಇಟ್ಟುಕೊ.”