ಸುಮ್ಮನೆ ಹೋಗುವ ಜೀಪಿಗೆ ಹೆದರುತ್ತೇವೆ, ಸೈರನ್ ಹಾಕಿದ ಜೀಪಿಗೆ ದಾರಿ ಬಿಡುವುದಿಲ್ಲ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಒಂದು ಪೊಲೀಸ್ ಜೀಪು ಗಂಟೆಗೆ 70 ಕಿ.ಮೀ. ವೇಗದಲ್ಲಿ ತನ್ನ ಪಾಡಿಗೆ ತಾನು ಹೋಗುತ್ತಿದೆ ಅಂದುಕೊಳ್ಳಿ. ಸೈರನ್ ಇಲ್ಲ, ದೀಪವೂ ಉರಿಯುತ್ತಿಲ್ಲ. ಅದರ ಹಿಂದೆ ಏನಾಗುತ್ತದೆ ಅನ್ನುವುದನ್ನು ಮಂಡ್ಯದಿಂದ ಮೈಸೂರಿಗೆ ಕೆಲಸಕ್ಕೆ ಓಡಾಡುವ ನಾನು ಬಹಳ ಸಲ ನೋಡಿದ್ದೇನೆ. ನೂರರಲ್ಲಿ ಬರುತ್ತಿದ್ದ ಕಾರುಗಳೆಲ್ಲ ಒಮ್ಮೆಗೇ ಬ್ರೇಕ್ ಒತ್ತುತ್ತವೆ. ಮೂರು ಲೇನಿನಲ್ಲೂ ಗಾಡಿಗಳು ಸಾಲುಗಟ್ಟುತ್ತವೆ. ಜೀಪನ್ನು ದಾಟುವ ಧೈರ್ಯ ಯಾರಿಗೂ ಇಲ್ಲ. ಹಿಂದೆ ಬರುತ್ತಿರುವ ಬಸ್ಸಿನ ಡ್ರೈವರ್‌ಗೆ ಮುಂದಿನವರು ಯಾಕೆ ನಿಧಾನ ಮಾಡಿದರು ಅಂತಾನೇ ಗೊತ್ತಾಗುವುದಿಲ್ಲ.

ಅದೇ ಜೀಪು ಸೈರನ್ ಹಾಕಿಕೊಂಡು, ಕೆಂಪು ನೀಲಿ ದೀಪ ಮಿನುಗಿಸುತ್ತಾ ಹಿಂದಿನಿಂದ ಬರಲಿ. ಆಗ ಬಲಗಡೆ ಲೇನಿನಲ್ಲಿರುವ ಲಾರಿ ಕದಲುವುದಿಲ್ಲ. ಮುಂದಿರುವ ಕಾರಿನವರು ಕನ್ನಡಿ ನೋಡುವುದಿಲ್ಲ. ನೋಡಿದವರು 'ಯಾರೋ ದೊಡ್ಡ ಮನುಷ್ಯರು ಬರ್ತಿರಬೇಕು ಬಿಡು' ಅಂತ ಹಾಗೇ ಹೋಗುತ್ತಿರುತ್ತಾರೆ.

ನನ್ನ ತಕರಾರು ಇಷ್ಟೇ. ನಾವು ಎರಡನ್ನೂ ಉಲ್ಟಾ ಮಾಡುತ್ತಿದ್ದೇವೆ. ಸೈರನ್ ಇಲ್ಲದೆ ಹೋಗುತ್ತಿರುವ ಪೊಲೀಸ್ ಗಾಡಿ ರಸ್ತೆಯ ಮೇಲಿನ ಇನ್ನೊಂದು ಗಾಡಿ, ಅಷ್ಟೇ. ಸೈರನ್ ಹಾಕಿಕೊಂಡು ಬರುವುದಕ್ಕೆ ಮಾತ್ರ ತಕ್ಷಣ ದಾರಿ ಬಿಡಬೇಕು. ಮೊದಲನೆಯದಕ್ಕೆ ನಾವು ತೋರಿಸುತ್ತಿರುವುದು ಬರೀ ಹೆದರಿಕೆ. ಎರಡನೆಯದಕ್ಕೆ ತೋರಿಸುತ್ತಿರುವುದು ಅಸಡ್ಡೆ.

ಮೊದಲು ಸುಮ್ಮನೆ ಹೋಗುವ ಜೀಪಿನ ವಿಷಯ. ಪೊಲೀಸ್ ಗಾಡಿಯನ್ನು ಓವರ್‌ಟೇಕ್ ಮಾಡಬಾರದು ಅಂತ ಯಾವ ಕಾನೂನೂ ಹೇಳುವುದಿಲ್ಲ. ಎಕ್ಸ್‌ಪ್ರೆಸ್‌ವೇನಲ್ಲಿ ಕಾರುಗಳಿಗೆ ಮಿತಿ 100. ಜೀಪು 70ರಲ್ಲಿದ್ದರೆ ಇಂಡಿಕೇಟರ್ ಹಾಕಿ, ಬಲಗಡೆಯಿಂದ 85ರಲ್ಲೋ 90ರಲ್ಲೋ ದಾಟಿ, ಮತ್ತೆ ಎಡಕ್ಕೆ ಬನ್ನಿ. ಒಳಗೆ ಕೂತಿರುವ ಪೊಲೀಸರಿಗೂ ಅದರಿಂದ ಏನೂ ಬೇಜಾರಿಲ್ಲ. ಬೇಜಾರಾಗಬೇಕಾದ್ದು ನೀವು 120ರಲ್ಲಿ ಬಂದು, ಜೀಪು ಕಂಡ ಕೂಡಲೇ ಬ್ರೇಕ್ ಮೇಲೆ ನಿಂತುಬಿಟ್ಟರೆ. ನೂರರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಹೋಗುತ್ತದೆ. ಹಿಂದಿನವನು ನಿಮ್ಮ ಬ್ರೇಕ್ ಲೈಟ್ ನೋಡಿ, ಅರ್ಥ ಮಾಡಿಕೊಂಡು, ಕಾಲು ಪೆಡಲ್ ಮೇಲಿಡುವಷ್ಟರಲ್ಲಿ ಆ 28 ಮೀಟರ್ ಮುಗಿದಿರುತ್ತದೆ. ಅವನು ನಿಮ್ಮಿಂದ 15 ಮೀಟರ್ ಹಿಂದಿದ್ದರೆ ಗತಿ ಏನು? ಇನ್ನೊಂದು ಮಾತು. ಆ ರಸ್ತೆಯಲ್ಲಿ ವೇಗ ನೋಡುವುದು ಕ್ಯಾಮೆರಾ. ಜೀಪು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ, ಚಲನ್ ಮೊಬೈಲಿಗೇ ಬರುತ್ತದೆ.

ಈಗ ಸೈರನ್. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಗೆ 194ಇ ಅನ್ನುವ ಹೊಸ ಕಲಂ ಸೇರಿತು. ಆಂಬುಲೆನ್ಸ್, ಅಗ್ನಿಶಾಮಕ ಗಾಡಿ, ಇಲ್ಲವೇ ಸರ್ಕಾರ ಗೊತ್ತುಮಾಡಿದ ಬೇರೆ ತುರ್ತು ವಾಹನ ಬರುವಾಗ ರಸ್ತೆಯ ಬದಿಗೆ ಸರಿದು ದಾರಿ ಬಿಡದಿದ್ದರೆ ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ ಅಂತ ಅದರಲ್ಲಿದೆ. ಅದೇ ವರ್ಷ ನಮ್ಮ ರಾಜ್ಯ ಹಲವು ದಂಡಗಳನ್ನು ಇಳಿಸಿತು, ಅದು ಬೇರೆ ಮಾತು. 2017ರ ಚಾಲನಾ ನಿಯಮಗಳಲ್ಲಿ ಪೊಲೀಸ್ ಗಾಡಿಯೂ ಈ ಸಾಲಿನಲ್ಲೇ ಇದೆ: ದೀಪ ಮಿನುಗಿಸುತ್ತಾ ಸೈರನ್ ಹಾಕಿಕೊಂಡು ಬಂದರೆ ದಾರಿ ಬಿಡಬೇಕು. ತುರ್ತು ಇದ್ದಾಗ ಅವರು ಎಚ್ಚರಿಕೆಯಿಂದ ಕೆಂಪು ಸಿಗ್ನಲ್ ದಾಟಬಹುದು, ವೇಗದ ಮಿತಿ ಮೀರಬಹುದು.

ನಮ್ಮ ಪಕ್ಕದ ಮನೆಯ ದೊಡ್ಡಪ್ಪ ಪೊಲೀಸ್ ಇಲಾಖೆಯಲ್ಲಿ ಡ್ರೈವರ್ ಆಗಿದ್ದು ನಿವೃತ್ತರಾದವರು. ಸಂಜೆ ಜಗಲಿ ಮೇಲೆ ಕೂತು ಈ ಮಾತು ಬಂದಾಗ ಅವರು ಹೇಳಿದ್ದು ಹೀಗೆ: "ಸೈರನ್ ಕೂಗ್ತಾ ಇದ್ರೂ ಮುಂದಿನವ್ನು ಕನ್ನಡಿ ನೋಡಕಿಲ್ಲ ಕಣವ್ವ. ನೋಡಿದ್ರೆ ಗಾಬರಿ ಬಿದ್ದು ಬಲಕ್ಕೆ ಎಳೀತಾನೆ. ನಾನು ಹೋಗಬೇಕಾದ ಜಾಗಕ್ಕೇ ಬತ್ತಾನೆ. ಎಡಕ್ಕೋ ಬಲಕ್ಕೋ ಅಂತ ಅವ್ನು ಯೋಚ್ನೆ ಮಾಡೋವಷ್ಟರಲ್ಲಿ ನಾನು ಎಲ್ಡು ಸಲ ಬ್ರೇಕ್ ಹಾಕಿರ್ತೀನಿ." ಒಳಗೆ ಕೂತವರಿಗೆ ಸ್ಟೇಷನ್ನಿಂದ ವೈರ್‌ಲೆಸ್‌ನಲ್ಲಿ 'ಎಲ್ಲಿದ್ದೀರಿ, ಎಲ್ಲಿದ್ದೀರಿ' ಅಂತ ಕೇಳುತ್ತಲೇ ಇರುತ್ತಾರಂತೆ.

ಎಡಕ್ಕೆ. ಯಾವಾಗಲೂ ಎಡಕ್ಕೆ. ಇದರಲ್ಲಿ ಯೋಚನೆ ಮಾಡುವಂಥದ್ದೇ ಇಲ್ಲ. ಮೊದಲು ಕನ್ನಡಿ ನೋಡಿ, ಎಡಗಡೆ ಇಂಡಿಕೇಟರ್ ಹಾಕಿ. ಆ ಇಂಡಿಕೇಟರ್ ಬಹಳ ಮುಖ್ಯ. ನಾನು ನಿನ್ನನ್ನು ನೋಡಿದ್ದೇನೆ, ಈ ಕಡೆ ಸರಿಯುತ್ತಿದ್ದೇನೆ ಅಂತ ಹಿಂದಿನ ಡ್ರೈವರ್‌ಗೆ ಅದರಿಂದಲೇ ಗೊತ್ತಾಗುವುದು. ಆಮೇಲೆ ನಿಧಾನವಾಗಿ ಸರಿದು ವೇಗ ಇಳಿಸಿ. ತಟ್ಟನೆ ನಿಲ್ಲಿಸಬೇಡಿ. ಡಿವೈಡರ್ ಇಲ್ಲದ ರಸ್ತೆಯಾದರೆ ಎದುರಿನಿಂದ ಬರುವವರೂ ತಮ್ಮ ಎಡಕ್ಕೆ ಸರಿಯಬೇಕು. ಮಂಡ್ಯ–ಮಳವಳ್ಳಿ ಕಡೆ ಇದನ್ನು ಯಾರೂ ಪಾಲಿಸುವುದಿಲ್ಲ. 'ಅದು ಆ ಕಡೆಯವರ ಪಾಡು' ಅಂದುಕೊಳ್ಳುತ್ತಾರೆ.

ಮೈಸೂರಿನ ಸರ್ಕಲ್‌ಗಳದ್ದು ಬೇರೆಯದೇ ಕಥೆ. ಹಾರ್ಡಿಂಜ್ ಸರ್ಕಲ್ ಸುತ್ತುತ್ತಿರುವಾಗ ಸೈರನ್ ಕೇಳಿತು ಅಂತ ಅಲ್ಲೇ ನಿಲ್ಲಿಸಿಬಿಟ್ಟರೆ ಇಡೀ ಸರ್ಕಲ್ ಕಟ್ಟಿಕೊಳ್ಳುತ್ತದೆ. ಜೀಪು ಬಂದರೂ ನುಗ್ಗಲು ಜಾಗ ಇರುವುದಿಲ್ಲ. ಸರ್ಕಲ್ ಒಳಗಿದ್ದರೆ ಸುತ್ತಿ, ನಿಮ್ಮ ದಾರಿಗೆ ಹೊರಬಿದ್ದು, ಆಮೇಲೆ ಎಡಕ್ಕೆ ನಿಲ್ಲಿಸಿ. ಇನ್ನೂ ಒಳಗೆ ಹೋಗಿಲ್ಲದಿದ್ದರೆ ಹೊರಗೇ ಕಾಯಿರಿ. ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರುಕಟ್ಟೆ ಹತ್ತಿರ, ಎಡಗಡೆ ಪೂರ್ತಿ ಬೈಕು ನಿಂತಿರುತ್ತವೆ. ಅಲ್ಲಿ ಸರಿಯಲು ಜಾಗ ಎಲ್ಲಿದೆ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಂಥ ಕಡೆ ನಿಲ್ಲದೆ ಮುಂದೆ ಸಾಗುತ್ತಾ ಹೋಗಿ, ಮೊದಲು ಸಿಕ್ಕ ಸಂದಿಗೆ ತಿರುಗಿಸಿಕೊಳ್ಳುವುದೇ ಸರಿ. ಕೆಂಪು ಸಿಗ್ನಲ್‌ನಲ್ಲಿ ಮುಂದಿನ ಸಾಲಿನಲ್ಲಿದ್ದರೆ ಅಡ್ಡ ಬರುವ ಗಾಡಿಗಳ ಮಧ್ಯೆ ಕಣ್ಣು ಮುಚ್ಚಿ ನುಗ್ಗಬೇಡಿ. ಎಡಕ್ಕೆ ಓರೆಯಾಗಿ ಇಂಚಿಂಚು ಸರಿದರೆ ಒಂದು ಜೀಪಿನಷ್ಟು ದಾರಿ ಆಗುತ್ತದೆ. ಸರ್ಕಲ್‌ನಲ್ಲಿ ನಿಂತ ಪೊಲೀಸರು ಕೈ ತೋರಿಸಿ ಬಾ ಅಂದರೆ ಸಿಗ್ನಲ್ ಕೆಂಪಿದ್ದರೂ ಹೋಗಬೇಕು. ಅವರ ಕೈಸನ್ನೆ ಸಿಗ್ನಲ್‌ಗಿಂತ ಮೇಲು.

ನನಗೆ ಎಲ್ಲಕ್ಕಿಂತ ಸಿಟ್ಟು ಬರುವುದು ಸೈರನ್ ಗಾಡಿಯ ಬಾಲ ಹಿಡಿದು ಹೋಗುವವರ ಮೇಲೆ. ನಾವೆಲ್ಲ ಸರಿದು ದಾರಿ ಬಿಟ್ಟಿರುತ್ತೇವೆ, ಆ ದಾರಿಯಲ್ಲಿ ಜೀಪಿನ ಬೆನ್ನಿಗೇ ಅಂಟಿಕೊಂಡು ಒಂದು ಕಾರು ಸುಯ್ಯಂತ ಹೋಗುತ್ತದೆ. ಜೀಪು ದಾಟಿತು ಅಂತ ವಾಪಸ್ ಲೇನಿಗೆ ಬರುವ ಬೈಕಿನವನಿಗೆ ಇವನು ಕಾಣುವುದೇ ಇಲ್ಲ. ಇದು ಕಳ್ಳತನವೇ. ಬೇರೆಯವರ ಕಷ್ಟಕ್ಕೆ ಬಿಟ್ಟ ದಾರಿಯನ್ನು ಕದಿಯುವುದು.

ಸೈರನ್ ಮೇಲೆ ಜನಕ್ಕೆ ನಂಬಿಕೆ ಹೋಗಿದೆ ಅನ್ನುವುದು ನಿಜ, ಅದನ್ನು ಮುಚ್ಚಿಡುವುದು ಬೇಡ. ವರ್ಷಗಟ್ಟಲೆ ಮಂತ್ರಿಗಳ ಕಾರಿನ ಹಿಂದೆ ಮುಂದೆ ಸೈರನ್ ಕೂಗಿಸಿ, ಮೇಲೆ ಕೆಂಪು ಗೂಟ ಹಾಕಿ, ನಾವು ರಸ್ತೆ ಬದಿಯಲ್ಲಿ ಕಾಯುವಂತೆ ಮಾಡಿದರು. ಕೆಂಪು ದೀಪ 2017ರ ಮೇ 1ಕ್ಕೆ ಹೋಯಿತು. ವಿಐಪಿ ಓಡಾಟಕ್ಕೆ ಸೈರನ್ ಬೇಡ ಅಂತ ನಮ್ಮ ರಾಜ್ಯದ ಪೊಲೀಸ್ ಮುಖ್ಯಸ್ಥರು 2025ರಲ್ಲಿ ಸೂಚನೆ ಕೊಟ್ಟರು. ದಸರಾ ಸಮಯದಲ್ಲಿ ಮೈಸೂರಿಗೆ ಎಷ್ಟು ವಿಐಪಿಗಳು ಬರುತ್ತಾರೆ ಅಂತ ಗೊತ್ತಲ್ವಾ? ಆ ಸೂಚನೆ ನಿಜವಾಗಿ ಪಾಲನೆಯಾಗಬೇಕಾದ್ದು ಆಗಲೇ. ಇನ್ನು ಖಾಸಗಿ ಕಾರಿಗೆ ಅಂಗಡಿಯಲ್ಲಿ ಸೈರನ್ ಹಾರ್ನ್ ಹಾಕಿಸಿಕೊಳ್ಳುವವರು, ಚಿಕ್ಕಪ್ಪ ಇಲಾಖೆಯಲ್ಲಿದ್ದಾರೆ ಅಂತ ಬೈಕಿಗೆ 'ಪೊಲೀಸ್' ಸ್ಟಿಕ್ಕರ್ ಅಂಟಿಸಿಕೊಳ್ಳುವವರು. ಹಲವು ಸ್ವರದ ಹಾರ್ನ್ ಆಂಬುಲೆನ್ಸ್, ಅಗ್ನಿಶಾಮಕ, ಪೊಲೀಸ್‌ನಂಥ ಗಾಡಿಗಳಿಗೆ ಮಾತ್ರ ಅಂತ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಇವರನ್ನು ಹಿಡಿದು ದಂಡ ಹಾಕಬೇಕು. ಆದರೆ ಇವರ ಮೇಲಿನ ಕೋಪವನ್ನು 112ಕ್ಕೆ ಯಾರೋ ಕರೆ ಮಾಡಿದ್ದಕ್ಕೆ ಓಡುತ್ತಿರುವ ಗಾಡಿಯ ಮೇಲೆ ತೀರಿಸಿಕೊಳ್ಳುವುದು ಸರಿಯಲ್ಲ. ಕನ್ನಡಿಯಲ್ಲಿ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ನಮ್ಮ ಜಿಲ್ಲೆಯಲ್ಲಿ ನಾಲೆ ಪಕ್ಕದ ರಸ್ತೆಗಳು ಎಷ್ಟಿವೆ ನೋಡಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. ಆಮೇಲೂ ಕಾರುಗಳು ನಾಲೆಗೆ ಬೀಳುತ್ತಲೇ ಇವೆ. ನೀರಿಗೆ ಬಿದ್ದ ಕಾರಿನೊಳಗಿನವರಿಗೆ ಇರುವುದು ನಿಮಿಷಗಳ ಲೆಕ್ಕ. ಅಂಥ ಕಿರಿದಾದ ರಸ್ತೆಯಲ್ಲಿ ಮುಂದೆ ಕಬ್ಬಿನ ಟ್ರಾಕ್ಟರ್ ಇದ್ದು, ಅದರ ಡ್ರೈವರ್ ಜೋರಾಗಿ ಹಾಡು ಹಾಕಿಕೊಂಡಿದ್ದರೆ ಹಿಂದಿನ ಸೈರನ್ ಅವನಿಗೆ ಕೇಳುವುದಿಲ್ಲ. ಟ್ರಾಕ್ಟರ್ ಓಡಿಸುವ ಅಣ್ಣಂದಿರೇ, ಒಂದು ಕನ್ನಡಿ ಹಾಕಿಸಿಕೊಳ್ಳಿ, ಹಾಡಿನ ಸದ್ದು ಸ್ವಲ್ಪ ತಗ್ಗಿಸಿ. ಅಪಘಾತ ಆಯಿತು ಅಂತ ಸುದ್ದಿ ಬಂದ ಕೂಡಲೇ ನೋಡಲು ಬೈಕು ಹತ್ತಿ ಹೋಗುವ ಹುಡುಗರೂ ಅಷ್ಟೇ. ನಿಮ್ಮ ಬೈಕುಗಳ ಸಾಲು ಜೀಪಿಗೂ ಕ್ರೇನಿಗೂ ಅಡ್ಡ.

ರಸ್ತೆ ಬದಿಯಲ್ಲಿ ದೀಪ ಮಿನುಗಿಸುತ್ತಾ ನಿಂತ ಪೊಲೀಸ್ ಗಾಡಿ ಕಂಡರೂ ನಾವು ಸರಿಯಾಗಿ ನಡೆದುಕೊಳ್ಳುವುದಿಲ್ಲ. ಅಮೆರಿಕದ 50 ರಾಜ್ಯಗಳಲ್ಲೂ ಇದಕ್ಕೆ ಕಾನೂನು ಇದೆ: ನಿಂತ ಗಾಡಿಯ ಪಕ್ಕದ ಲೇನು ಖಾಲಿ ಬಿಟ್ಟು ಆಚೆ ಲೇನಿಗೆ ಹೋಗಬೇಕು, ಆಗದಿದ್ದರೆ ವೇಗ ಇಳಿಸಬೇಕು. ನಮ್ಮ ಎಕ್ಸ್‌ಪ್ರೆಸ್‌ವೇನಲ್ಲೂ ಹಾಗೇ ಮಾಡಲು ಏನು ತೊಂದರೆ? ಪಂಕ್ಚರ್ ಆದ ಕಾರಿನ ಹಿಂದೆ ಕೋನ್ ಇಡುತ್ತಾ ರಾತ್ರಿ ಹನ್ನೊಂದಕ್ಕೆ ಟಾರ್ಚ್ ಬೀಸುತ್ತಿರುವ ಕಾನ್ಸ್‌ಟೇಬಲ್‌ನ ಮೊಣಕೈ ಪಕ್ಕದಲ್ಲೇ ನೂರರಲ್ಲಿ ಹೋಗುವ ಗಾಡಿಗಳನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ಇನ್ನು ನಿಧಾನ ಮಾಡಿ ಮೊಬೈಲಿನಲ್ಲಿ ವಿಡಿಯೊ ತೆಗೆಯುವವರ ಬಗ್ಗೆ ಹೇಳುವುದೇ ಬೇಡ.

ಎದುರಿನವರಿಗೆ ಹೆಡ್‌ಲೈಟ್ ಮಿನುಗಿಸಿ 'ಮುಂದೆ ಪೊಲೀಸರಿದ್ದಾರೆ' ಅಂತ ಹೇಳುವುದು ನಮ್ಮ ಕಡೆ ದೊಡ್ಡ ಉಪಕಾರ ಅನ್ನಿಸಿಕೊಂಡಿದೆ. ನಾನಂತೂ ಮಾಡುವುದಿಲ್ಲ, ನೀವೂ ಮಾಡಬೇಡಿ. ಎದುರಿನ ಕಾರಿನಲ್ಲಿ ಯಾರಿದ್ದಾರೆ ಅಂತ ನಿಮಗೇನು ಗೊತ್ತು? ಕುಡಿದು ಓಡಿಸುವವನಿರಬಹುದು, ಹಿಂದಿನ ಊರಿನಲ್ಲಿ ಯಾರಿಗೋ ಗುದ್ದಿ ಬಂದವನಿರಬಹುದು. ಇನ್ನು ಚೆಕಿಂಗ್ ಕಂಡ ಕೂಡಲೇ ಬೈಕು ತಿರುಗಿಸಿ ರಾಂಗ್ ಸೈಡಿನಲ್ಲಿ ಓಡುವವರು. ಹೆಲ್ಮೆಟ್ಟಿನ ಐನೂರು ರೂಪಾಯಿಗೆ ಲಾರಿಯ ಎದುರು ಹೋಗುತ್ತಾರಲ್ಲ, ಮನೆಯಲ್ಲಿ ಹೆಂಡತಿ ಮಕ್ಕಳು ಇಲ್ವಾ? ನಿಲ್ಲಿಸಿ ಅಂದರೆ ಎಡಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಸಮವಸ್ತ್ರದಲ್ಲಿರುವ ಪೊಲೀಸರು ಲೈಸೆನ್ಸ್ ಕೇಳಿದರೆ ತೋರಿಸಬೇಕು. ಡಿಜಿಲಾಕರ್‌ನಲ್ಲಿ ಇರುವುದನ್ನು ತೋರಿಸಿದರೂ ಸಾಕು. ದಂಡ ಕಟ್ಟಿದರೆ ರಸೀದಿ ಕೇಳಿ ತಗೊಳ್ಳಿ.

ನಿಲ್ಲಿಸುವವರಿಗೂ ಒಂದು ಕ್ರಮ ಇರಬೇಕು, ಈ ಮಾತು ಮಂಡ್ಯದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2025ರ ಮೇ ತಿಂಗಳಲ್ಲಿ, ನಾಯಿ ಕಚ್ಚಿದ ಪುಟ್ಟ ಮಗುವನ್ನು ಬೈಕಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದ ತಂದೆ ತಾಯಿಯನ್ನು ನಮ್ಮ ಊರಿನಲ್ಲೇ ಹೆಲ್ಮೆಟ್ ತಪಾಸಣೆಗೆ ಅಡ್ಡಗಟ್ಟಿದಾಗ ಬೈಕು ಬಿತ್ತು, ಮಗು ಉಳಿಯಲಿಲ್ಲ. ಮೂವರು ಎಎಸ್‌ಐಗಳು ಅಮಾನತಾದರು. ಗಾಡಿಗೆ ಅಡ್ಡ ಹಾರಬೇಡಿ, ಕೀ ಕಿತ್ತುಕೊಳ್ಳಬೇಡಿ ಅಂತ ಆಮೇಲೆ ಮೇಲಿನಿಂದ ಸೂಚನೆ ಬಂತು. ಓಡುತ್ತಿರುವ ಬೈಕಿನ ಹ್ಯಾಂಡಲ್‌ಗೆ ಕೈ ಹಾಕುವುದನ್ನು ಇವತ್ತಿಗೂ ಯಾರಾದರೂ ಮಾಡುತ್ತಿದ್ದರೆ ಅವರ ಮೇಲಧಿಕಾರಿಗಳು ಕೇಳಬೇಕು. ನಂಬರ್ ಬರೆದುಕೊಂಡರೆ, ಫೋಟೊ ತೆಗೆದರೆ ಚಲನ್ ಮನೆಗೇ ಹೋಗುತ್ತದೆ. ಹಿಡಿದು ಎಳೆಯುವ ಅಗತ್ಯವೇ ಇಲ್ಲ.

ಕೊನೆಗೆ ಒಂದು ಕೋರಿಕೆ, ಮಂಡ್ಯ ಮೈಸೂರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವರಿಗೆ. ಎಂಟು ಹಾಕುವುದು, ರಿವರ್ಸ್ ತೆಗೆಯುವುದು ಎಲ್ಲ ಕಲಿಸುತ್ತೀರಿ. ಒಂದು ಕ್ಲಾಸು ಇದಕ್ಕೂ ಇಡಿ. ಕಲಿಯುವವರನ್ನು ಕೂರಿಸಿ, ಮೊಬೈಲಿನಲ್ಲಿ ಸೈರನ್ ಸದ್ದು ಹಾಕಿ. ಕನ್ನಡಿ, ಎಡ ಇಂಡಿಕೇಟರ್, ನಿಧಾನ, ಎಡಕ್ಕೆ. ಯೋಚನೆ ಮಾಡದೆ ಕೈಯೇ ಆ ಕೆಲಸ ಮಾಡುವವರೆಗೆ ಮಾಡಿಸಿ. ಈಗಾಗಲೇ ಯಾವುದಾದರೂ ಸ್ಕೂಲಿನಲ್ಲಿ ಹೀಗೆ ಕಲಿಸುತ್ತಿದ್ದರೆ ಕೆಳಗೆ ಬರೆಯಿರಿ. ನನ್ನ ತಂಗಿಯ ಮಗ ಬರುವ ತಿಂಗಳು ಎಲ್‌ಎಲ್ ಮಾಡಿಸುತ್ತಿದ್ದಾನೆ, ಅವನನ್ನು ಅಲ್ಲಿಗೇ ಸೇರಿಸುತ್ತೇನೆ.